ಸೇನೆಯ ಪಿಸ್ತೂಲಿಗೂ ಪರೀಕ್ಷೆ ತಪ್ಪಿದ್ದಲ್ಲ

‘ಅಣ್ಣಾ, ನಿಮಗ ಪಿಸ್ತೂಲ್ ಕೊಟ್ಟಾರೇನು?’ ರಜೆಗೆ ಬಂದ ಕುಷ್ಟಗಿ, ಯಲಬುರ್ಗಾ ಕಡೆಯ ಯೋಧರಿಗೆ ಹುಡುಗರು ಕೇಳುವ ಪ್ರಶ್ನೆ ಇದು. ಸಾಮಾನ್ಯ ಯೋಧನ ಕೈಗೆ ಬರುವುದು ರೈಫಲ್. ಪಿಸ್ತೂಲು ಹೆಚ್ಚಾಗಿ ಅಧಿಕಾರಿಗಳಿಗೆ, ಟ್ಯಾಂಕ್ ಸಿಬ್ಬಂದಿಗೆ, ವಿಶೇಷ ಪಡೆಗಳಿಗೆ.

ನಮ್ಮ ಸೇನೆಯಲ್ಲಿ ದಶಕಗಳಿಂದ ಇರುವುದು ‘ಪಿಸ್ಟಲ್ ಆಟೋ 9 ಎಂಎಂ 1ಎ’. ತಯಾರಾಗುವುದು ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯಲ್ಲಿ; ಮೂಲ ಮಾತ್ರ 1935ರ ಬೆಲ್ಜಿಯಂನ ಬ್ರೌನಿಂಗ್ ಹೈಪವರ್. ಮ್ಯಾಗಜೀನಿಗೆ 13 ಗುಂಡು. ಅಜ್ಜನ ಕಾಲದ ವಿನ್ಯಾಸ ಇಷ್ಟು ದಿನ ಬಾಳಿದ್ದು ಅದರ ಗಟ್ಟಿತನದಿಂದ. ಹೊಸದನ್ನು ಆರಿಸುವ ರಗಳೆಯೂ ಒಂದು ಕಾರಣವೆಂದೇ ನನ್ನ ಅನುಮಾನ.

ಆ ರಗಳೆ ಶುರುವಾಗುವುದು ಕಾಗದದಲ್ಲಿ. ತೂಕ, ಗುಂಡಿನ ಅಳತೆ, ಎಷ್ಟು ದೂರಕ್ಕೆ ಗುರಿ, ಎಲ್ಲವನ್ನೂ ಸೇನಾ ಕೇಂದ್ರ ಕಚೇರಿ ಬರೆದಿಡುತ್ತದೆ. ಇದಕ್ಕೆ ಜಿಎಸ್‌ಕ್ಯೂಆರ್ ಎನ್ನುತ್ತಾರೆ. ಆಮೇಲೆ ಟೆಂಡರ್, ಧೂಳು-ಚಳಿ-ನೀರಿನ ಪರೀಕ್ಷೆ. ಪರೀಕ್ಷೆ ಎಷ್ಟು ಕಠಿಣವಾಗಿರಬಹುದು ಎಂಬುದಕ್ಕೆ ಅಮೆರಿಕದ 1911ರ ಪ್ರಸಂಗ ನೋಡಿ. ಕೋಲ್ಟ್ ಮತ್ತು ಸ್ಯಾವೇಜ್ ಪಿಸ್ತೂಲುಗಳಿಂದ ತಲಾ 6,000 ಗುಂಡು ಹಾರಿಸಿದರು. 100 ಗುಂಡಿಗೊಮ್ಮೆ ಆರಲು ಬಿಡುವು, 1,000ಕ್ಕೊಮ್ಮೆ ಒರೆಸಿ ಎಣ್ಣೆ. ಸ್ಯಾವೇಜ್ 37 ಸಲ ಕೈಕೊಟ್ಟಿತು, ಕೋಲ್ಟ್ ಒಮ್ಮೆಯೂ ಇಲ್ಲ. ಮುಂದೆ 1985ರವರೆಗೂ ಅಲ್ಲಿನ ಸೇನೆಯ ಮುಖ್ಯ ಪಿಸ್ತೂಲು ಅದೇ.

ನಮ್ಮಲ್ಲಿ ಪರೀಕ್ಷೆ ಗೆದ್ದರೆ ಸಾಲದು. ಗಂಗಾವತಿಯ ಭತ್ತದ ಮಾರುಕಟ್ಟೆಯಲ್ಲಿ ಹೆಚ್ಚು ದರ ಕೊಟ್ಟವನಿಗೆ ಮಾಲು; ಇಲ್ಲಿ ಪಾಸಾದವರಲ್ಲಿ ಸಾಮಾನ್ಯವಾಗಿ ಕಡಿಮೆ ದರ ಬರೆದವನಿಗೆ ಆದೇಶ.

ಇತ್ತೀಚಿನ ಸುದ್ದಿ ‘ಅಸ್ಮಿ’ಯದು. ಇದು ಮಷಿನ್ ಪಿಸ್ತೂಲು, 1ಎ ಸಾಲಿಗೆ ನೇರವಾಗಿ ಸೇರುವುದಿಲ್ಲ. ಮಹೂದ ಇನ್‌ಫೆಂಟ್ರಿ ಶಾಲೆ, ಪುಣೆಯ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆ ಎಆರ್‌ಡಿಇ ಸೇರಿ ನಾಲ್ಕೇ ತಿಂಗಳಲ್ಲಿ ರೂಪಿಸಿದ್ದನ್ನು 2021ರಲ್ಲಿ ಪ್ರಕಟಿಸಿದರು. ಮೇಲ್ಭಾಗ ವಿಮಾನಕ್ಕೆ ಬಳಸುವ ಅಲ್ಯುಮಿನಿಯಂ, ಕೆಳಭಾಗ ಕಾರ್ಬನ್ ಫೈಬರ್. ಟ್ರಿಗರಿನ ಭಾಗಗಳು ಲೋಹದ ತ್ರೀಡಿ ಮುದ್ರಣದಿಂದ ಬಂದವು. ತಯಾರಿಕಾ ವೆಚ್ಚ 50 ಸಾವಿರ ರೂಪಾಯಿಯೊಳಗೆ ಎಂದು ಆಗ ಅಂದಾಜಿಸಿದ್ದರು. 2024ರಲ್ಲಿ ಸೇನೆಯ ಉತ್ತರ ಕಮಾಂಡ್ 550 ಅಸ್ಮಿ ಪಡೆಯಿತು. ಮಾಡಿಕೊಟ್ಟದ್ದು ಹೈದರಾಬಾದಿನ ಲೋಕೇಶ್ ಮಷಿನ್ಸ್, ಅಂದರೆ 1948ರವರೆಗೆ ಕೊಪ್ಪಳವನ್ನು ಆಳಿದ ನಿಜಾಮರ ಊರಿನದೇ ಯಂತ್ರ ಕಂಪನಿ. ನಮ್ಮ ಜಿಲ್ಲೆಯ ಐಟಿಐ, ಡಿಪ್ಲೊಮಾ ಹುಡುಗರು ಭರ್ತಿ ರ‍್ಯಾಲಿಯ ಜೊತೆಗೆ ಇಂಥ ಕಾರ್ಖಾನೆಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಲಿ.