ಅವಳಿ ಬಸಿರು: ತಾಯಿಗೂ ಮಕ್ಕಳಿಗೂ ಒದಗುವ ಅಪಾಯಗಳು

ಕೂಡಿ ಬೆಳೆದ ಜೋಡಿ ಬಾಳೆಹಣ್ಣನ್ನು ಹೆಂಗಸರು ತಿಂದರೆ ಅವಳಿ ಮಕ್ಕಳಾಗುವುವೆಂಬ ನಂಬಿಕೆ ನಮ್ಮ ನಾಡಿನ ಅನೇಕ ಮನೆಗಳಲ್ಲಿ ಇಂದಿಗೂ ಉಂಟು. ಈ ವಿಷಯದಲ್ಲಿ ಬಾಳೆಹಣ್ಣು ನಿರಪರಾಧಿ. ತಿಂಗಳಿಗೊಂದರಂತೆ ಪಕ್ವವಾಗುವ ಅಂಡವು ಒಮ್ಮೊಮ್ಮೆ ಎರಡಾಗಿ ಹೊರಬಿದ್ದು ಎರಡೂ ಫಲಿತವಾದರೆ, ಹುಟ್ಟುವ ಮಕ್ಕಳು ಒಡಹುಟ್ಟಿದವರಷ್ಟೇ ಪರಸ್ಪರ ಹೋಲುತ್ತವೆ. ಫಲಿತವಾದ ಒಂದೇ ಅಂಡವು ಮೊದಲ ಕೆಲವು ದಿನಗಳಲ್ಲಿ ಇಬ್ಭಾಗವಾದರೆ ಅವು ತದ್ರೂಪಿಗಳು. ಈ ಎರಡನೆಯ ಬಗೆಯು ಲೋಕದಲ್ಲೆಲ್ಲ ಸಾವಿರ ಹೆರಿಗೆಗೆ ಮೂರು ನಾಲ್ಕರಂತೆ ಕಂಡುಬರುತ್ತದೆ. ಮೊದಲನೆಯದಾದರೋ ವಂಶವನ್ನೂ ತಾಯಿಯ ವಯಸ್ಸನ್ನೂ ಅನುಸರಿಸಿ ಏರಿಳಿಯುವುದು. ಸಂತಾನಹೀನತೆಯ ಚಿಕಿತ್ಸೆಗಳು ಬಂದ ಮೇಲೆ ಅದು ಹೆಚ್ಚಿದೆ.

ಒಂದು ಮಗುವಿಗೆಂದು ಏರ್ಪಟ್ಟ ಗರ್ಭಕೋಶದಲ್ಲಿ ಎರಡು ಬೆಳೆದರೆ ಆಗುವುದೇನು? ಮೊದಲನೆಯದಾಗಿ ತಾಯಿಯ ರಕ್ತದ ಮೇಲೆ ಭಾರ ಬೀಳುತ್ತದೆ. ಎರಡು ಶಿಶುಗಳೂ ತಮಗೆ ಬೇಕಾದ ಕಬ್ಬಿಣವನ್ನು ಅವಳಿಂದಲೇ ಪಡೆಯಬೇಕು. ಭಾರತದ ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ಮೊದಲೇ ರಕ್ತಹೀನತೆಯುಂಟೆಂದು 2019–21ರ ರಾಷ್ಟ್ರೀಯ ಸಮೀಕ್ಷೆ ತಿಳಿಸಿದೆ. ರಕ್ತದ ಒತ್ತಡವೇರಿ ಮೂತ್ರದಲ್ಲಿ ಸಸಾರಜನಕ ಕಾಣಿಸಿಕೊಳ್ಳುವ ಗರ್ಭನಂಜು ಅವಳಿ ಬಸಿರಿನಲ್ಲಿ ಎರಡು ಮೂರು ಪಾಲು ಹೆಚ್ಚು.

ಆದರೆ ಅತ್ಯಂತ ಭಯಂಕರವಾದುದು ಹೆರಿಗೆಯಾದೊಡನೆ ಬರುವ ರಕ್ತಸ್ರಾವ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮೇಲ್ಪಟ್ಟು ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದಾಗ ಅಲ್ಲಿ ತೆರೆದುಕೊಂಡ ರಕ್ತನಾಳಗಳನ್ನು ಮುಚ್ಚುವುದು ಬೇರಾವುದೂ ಅಲ್ಲ, ಗರ್ಭಕೋಶದ ಸ್ನಾಯುಗಳೇ. ಅವು ಬಿಗಿಯಾಗಿ ಮುದುಡಿ ನಾಳಗಳನ್ನು ಹಿಂಡಿ ಹಿಡಿಯುತ್ತವೆ. ಅತಿಯಾಗಿ ಹಿಗ್ಗಿದ ಸ್ನಾಯುವಿಗಾದರೋ ಆ ಬಿಗಿ ಬರುವುದು ಕಷ್ಟ. ಆದುದರಿಂದಲೇ ಆಕ್ಸಿಟೋಸಿನ್ ಮದ್ದೂ ಕೊಡಲು ರಕ್ತವೂ ಕೈಯಳತೆಯಲ್ಲಿಲ್ಲದ ಕಡೆ ಅವಳಿ ಹೆರಿಗೆ ನಡೆಯಬಾರದೆಂದು ನಾವು ಹೇಳುತ್ತೇವೆ.

ಮಕ್ಕಳ ಪಾಡೇನು? ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 37 ವಾರ ತುಂಬುವ ಮುನ್ನವೇ ಹುಟ್ಟುತ್ತಾರೆ. ತ್ರಿವಳಿಗಳು ಇನ್ನೂ ಬೇಗ. ತೂಕ ಕಡಿಮೆ, ಮೈ ಬೇಗ ತಣ್ಣಗಾಗುತ್ತದೆ, ಶ್ವಾಸಕೋಶ ಬಲಿತಿರುವುದಿಲ್ಲ. ತದ್ರೂಪಿಗಳಿಗೆ ಮತ್ತೊಂದು ಗಂಡಾಂತರ ಕಾದಿದೆ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಜೋಡಿಗಳಿಗೆ ಮಾಸು ಒಂದೇ. (ನಮ್ಮ ಹೆಂಗಸರು ಅದನ್ನು ಕಸವೆಂದು ಕರೆಯುವುದು ಅದರ ಯೋಗ್ಯತೆಗೆ ತಕ್ಕುದಲ್ಲ.) ಅದರೊಳಗಿನ ರಕ್ತನಾಳಗಳು ಒಂದಕ್ಕೊಂದು ಕೂಡಿಕೊಂಡಿದ್ದು, ಅಂಥ ಬಸಿರುಗಳಲ್ಲಿ ನೂರಕ್ಕೆ ಹತ್ತು ಹದಿನೈದರಲ್ಲಿ ಒಂದು ಶಿಶುವಿನ ರಕ್ತ ಮತ್ತೊಂದಕ್ಕೆ ಸೋರಿಹೋಗುತ್ತದೆ. ಕೊಡುವ ಶಿಶು ಬಡವಾಗುತ್ತದೆ. ಪಡೆಯುವುದರ ಹೃದಯ ಹೊರೆ ತಾಳದೆ ಸೋಲುತ್ತದೆ. ಮಾಸು ಒಂದೋ ಎರಡೋ ಎಂಬುದು ಸ್ಕ್ಯಾನಿನಲ್ಲಿ ಸ್ಪಷ್ಟವಾಗಿ ಕಾಣುವುದು 11ರಿಂದ 14ನೆಯ ವಾರದೊಳಗೆ. ಆಮೇಲೆ ಗುರುತಿಸುವುದು ಕಷ್ಟ.

ಬೇಗ ತಿಳಿದರೆ ಹೆರಿಗೆಯ ಸ್ಥಳವನ್ನು ಮೊದಲೇ ಗೊತ್ತುಮಾಡಬಹುದು. ಹಾಸನ ಜಿಲ್ಲೆಯನ್ನೇ ನೋಡೋಣ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಸರಳವಾದ ಹೆರಿಗೆಗೆ ಅವು ಸಾಕು. ಒಂದೂವರೆ ಕಿಲೋ ತೂಕದ ಎರಡು ಕೂಸುಗಳಿಗೆ ಒಟ್ಟಿಗೆ ಉಸಿರಾಟದ ನೆರವು ಬೇಕಾದರೆ ಮಾತ್ರ ಹಾಸನದ ದೊಡ್ಡ ಆಸ್ಪತ್ರೆಯೇ ಗತಿ. ಅದು 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದುದು. ಈ ಮೂರು ಊರುಗಳಿಂದಲೂ ಅದು ಮೂವತ್ತು ನಲವತ್ತು ಕಿಲೋಮೀಟರು ದೂರ. ಕೊಣನೂರಿನ ಕಡೆಯವರಿಗೆ ಇನ್ನೂ ಹೆಚ್ಚು. 108ರ ವಾಹನ 2008ರಿಂದ ಇದೆಯೆಂಬುದು ನಿಜ. ಆದರೆ ಹುಟ್ಟಿದ ಎಳೆಗೂಸನ್ನು ಸಾಗಿಸಲು ತಾಯಿಯ ಗರ್ಭದಷ್ಟು ಬೆಚ್ಚನೆಯ ವಾಹನವನ್ನು ಯಾರೂ ಕಟ್ಟಿಲ್ಲ. ಹೆರಿಗೆಗೆ ಮುನ್ನ ತಾಯಿಯೇ ಹಾಸನವನ್ನು ಸೇರುವುದು ಮೇಲು.

ಇದಕ್ಕೆ ಇನ್ನೊಂದು ಕಾರಣವುಂಟು. ಅವಧಿಗೆ ಮುಂಚೆ ಹೆರಿಗೆಯಾಗುವ ಸೂಚನೆಯಿದ್ದಾಗ ತಾಯಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಶಿಶುವಿನ ಶ್ವಾಸಕೋಶ ಬೇಗ ಬಲಿಯುವುದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿದರು. ನಮ್ಮ ದೇಶದಲ್ಲಿ ಕೊಡುವ ಡೆಕ್ಸಮೆಥಾಸೋನನ್ನು ಹನ್ನೆರಡು ಗಂಟೆಗೊಮ್ಮೆ, ನಾಲ್ಕು ಸಲ ಚುಚ್ಚಬೇಕು. ನೋವು ಬಲವಾದ ಮೇಲೆ ಹೊರಟವಳಿಗೆ ಅಷ್ಟು ಹೊತ್ತು ದೊರೆಯುವುದು ವಿರಳ. ಮೊದಲ ಸೂಜಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿಯೇ ಕೊಟ್ಟು ಮುಂದಕ್ಕೆ ಕಳುಹಿಸಬೇಕೆಂಬ ನಿಯಮವಿರುವುದು ಅದಕ್ಕಾಗಿಯೇ.