ನೆರೆ ಇಳಿದ ಮೇಲೆ ಮಣ್ಣು ಎತ್ತುವ ಗುತ್ತಿಗೆ ಯಾರಿಗೆ? ಊರಿನವರಿಗೆ ಮೊದಲ ಮಣೆ ಹಾಕುವ ಕಾನೂನು ಹೀಗಿದೆ

ಗುಡ್ಡ ಕುಸಿದು ರಸ್ತೆ ಮುಚ್ಚಿದಾಗ, ನೆರೆ ಇಳಿದು ಪೇಟೆ ತುಂಬ ಕೆಸರು ಉಳಿದಾಗ ಮೊದಲು ಬೇಕಾಗೋದು ಜೆಸಿಬಿ, ಹಿಟಾಚಿ, ಟಿಪ್ಪರ್. ಈ ಕೆಲಸಕ್ಕೆ ಸರ್ಕಾರ ಸುರಿಯುವ ದುಡ್ಡು ಊರಿನ ಟ್ರ್ಯಾಕ್ಟರ್ ಮಾಲೀಕ, ಡೀಸೆಲ್ ಬಂಕ್, ಹೋಟೆಲ್, ಹಾರ್ಡ್‌ವೇರ್ ಅಂಗಡಿಗೆ ಸೇರುತ್ತೋ, ಇಲ್ಲ ಹೊರಗಿನ ಗುತ್ತಿಗೆದಾರರ ಜೊತೆಗೇ ಊರು ಬಿಡುತ್ತೋ? ನೆರೆಯಲ್ಲಿ ಸರಕು ಕಳೆದುಕೊಂಡ ಅಂಗಡಿಯವರಿಗೆ ಇದು ಸಣ್ಣ ಪ್ರಶ್ನೆ ಅಲ್ಲ.

ಅಮೆರಿಕದಲ್ಲಿ ಇದಕ್ಕೊಂದು ಕಾನೂನೇ ಇದೆ. ಅಲ್ಲಿನ ವಿಪತ್ತು ಪರಿಹಾರದ ಸ್ಟಾಫರ್ಡ್ ಕಾಯ್ದೆಯ 307ನೇ ಸೆಕ್ಷನ್ ಪ್ರಕಾರ, ಅವಶೇಷ ತೆರವು, ಸಾಮಗ್ರಿ ಹಂಚಿಕೆ, ಪುನರ್ನಿರ್ಮಾಣದ ಕೆಲಸವನ್ನು ಕೇಂದ್ರದ ಹಣದಲ್ಲಿ ಗುತ್ತಿಗೆ ಕೊಡುವಾಗ ಹಾನಿಯಾದ ಪ್ರದೇಶದ ಸಂಸ್ಥೆ, ವ್ಯಕ್ತಿಗಳಿಗೇ ಆದ್ಯತೆ ಸಿಗಬೇಕು. ಆದರೆ ಜೊತೆಗೆ ‘ಕಾರ್ಯಸಾಧ್ಯವಾದ ಮಟ್ಟಿಗೆ’ ಅನ್ನೋ ಮಾತೂ ಇದೆ. ತೊಡಕು ಶುರುವಾಗಿದ್ದೇ ಅಲ್ಲಿ.

2005ರ ಆಗಸ್ಟ್‌ನಲ್ಲಿ ಕತ್ರಿನಾ ಚಂಡಮಾರುತ ಲೂಸಿಯಾನ, ಮಿಸಿಸಿಪ್ಪಿ ರಾಜ್ಯಗಳನ್ನು ಅಪ್ಪಳಿಸಿತು. ಅವಶೇಷ ತೆರವಿಗೆ ಸೇನೆಯ ಎಂಜಿನಿಯರಿಂಗ್ ವಿಭಾಗ ನಾಲ್ಕು ದೊಡ್ಡ ಗುತ್ತಿಗೆ ಕೊಟ್ಟಿತು, ಒಂದೊಂದೂ 50 ಕೋಟಿ ಡಾಲರ್‌ವರೆಗಿನದು. ನಾಲ್ಕೂ ಕಂಪನಿಗಳು ಬೇರೆ ರಾಜ್ಯದವು. ಅವರು ಸಬ್ ಕಾಂಟ್ರ್ಯಾಕ್ಟ್ ಕೊಟ್ಟರು, ಪಡೆದವರು ಇನ್ನೊಬ್ಬರಿಗೆ ದಾಟಿಸಿದರು. ಮೆಟ್ಟಿಲು ಇಳಿದಂತೆಲ್ಲ ದರವೂ ಇಳಿಯಿತು. ಕೊನೆಯ ಮೆಟ್ಟಿಲಲ್ಲಿ ಲಾರಿ ಓಡಿಸಿದವರ ಕೈಗೆ ಬಂದದ್ದು ಮೂಲ ದರದ ಒಂದು ಪಾಲಷ್ಟೇ. ಆದ್ಯತೆಯ ಕಾನೂನು ಆಗಲೂ ಇತ್ತು ಅನ್ನೋದನ್ನ ಮರೆಯಬಾರದು.

ಮುಂದೆ ಮಿಸಿಸಿಪ್ಪಿಯ ಕೆಲಸವನ್ನು ಅಲ್ಲಿನವರಿಗೇ ಮೀಸಲಿಟ್ಟಾಗ ಹೊರಗಿನ ಕಂಪನಿಯೊಂದು ತಕರಾರು ತೆಗೆಯಿತು. 2006ರಲ್ಲಿ ಅದು ತಿರಸ್ಕೃತವಾಯಿತು. ಅದೇ ವರ್ಷ ಅಲ್ಲಿನ ಸಂಸತ್ತು ಕಾಯ್ದೆ ತಿದ್ದಿ, ಗೊತ್ತಾದ ಪ್ರದೇಶಕ್ಕೆ ಗುತ್ತಿಗೆ ಮೀಸಲಿಡಬಹುದು ಎಂದು ಸ್ಪಷ್ಟಪಡಿಸಿತು. ಸ್ಥಳೀಯರಿಗೆ ಕೊಡದಿದ್ದರೆ ಅಧಿಕಾರಿ ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು.

‘ಸ್ಥಳೀಯ’ ಅಂದರೆ ಯಾರು? ನೆರೆ ಬಂದ ಮಾರನೇ ದಿನ ಬಾಡಿಗೆ ಕೋಣೆಗೆ ಬೋರ್ಡು ತಗಲಿಸಿದವನೂ ಸ್ಥಳೀಯನೇ? ಅದಕ್ಕೂ ನಿಯಮ ಇದೆ. ಹಿಂದಿನ 12 ತಿಂಗಳು ಮುಖ್ಯ ಕಚೇರಿ ಅದೇ ಪ್ರದೇಶದಲ್ಲಿರಬೇಕು, ಅರ್ಧದಷ್ಟಾದರೂ ವಹಿವಾಟು ಮತ್ತು ಕಾಯಂ ನೌಕರರು ಆ ಕಚೇರಿಯದೇ ಆಗಿರಬೇಕು. ಇದು ಹೊಂದದಿದ್ದರೆ ಲೈಸೆನ್ಸ್, ಅಲ್ಲಿ ಹಿಂದೆ ಮಾಡಿದ ಕೆಲಸ ಇತ್ಯಾದಿ ನೋಡುತ್ತಾರೆ. ತೆರವಿನಂಥ ಸೇವೆಯ ಗುತ್ತಿಗೆಯಲ್ಲಿ ಸಿಬ್ಬಂದಿ ವೆಚ್ಚದ ಕನಿಷ್ಠ ಶೇ. 50 ಸ್ಥಳೀಯ ಸಂಸ್ಥೆಗಳ ನೌಕರರಿಗೇ ಹೋಗಬೇಕು. ಹೆಸರಿಗೆ ಊರಿನವರು, ಕೆಲಸಕ್ಕೆ ಹೊರಗಿನವರು ಅನ್ನೋ ಆಟಕ್ಕೆ ಕಡಿವಾಣ ಇದೇ.

ನಮ್ಮಲ್ಲಿ ಏನಿದೆ? 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ (ಕೆಟಿಪಿಪಿ) ಸೆಕ್ಷನ್ 4ರಲ್ಲಿ, ಸರ್ಕಾರ ನೈಸರ್ಗಿಕ ವಿಕೋಪ ಘೋಷಿಸಿದ ಅವಧಿಗೆ ಟೆಂಡರ್‌ನಿಂದ ವಿನಾಯಿತಿ ಇದೆ. ಇದರಿಂದ ಕೆಲಸ ಬೇಗ ಶುರುವಾಗುತ್ತೆ, ನಿಜ. ಆದರೆ ಆ ವಿನಾಯಿತಿ ಊರಿನವರಿಗೇ ಕೊಡಿ ಅಂತ ಹೇಳಲ್ಲ. ಹತ್ತಿರದ ಜೆಸಿಬಿ ಕರೆಯಬಹುದು, ಕರೆಯಲೇಬೇಕು ಅಂತಿಲ್ಲ. ಇದೇ ಕಾಯ್ದೆಯಲ್ಲಿ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಮೀಸಲಾತಿ ಇದೆ. ಕಿರು, ಸಣ್ಣ ಉದ್ಯಮಗಳಿಂದ ಶೇ. 25ರಷ್ಟು ಖರೀದಿಸಬೇಕೆಂಬ ಕೇಂದ್ರದ ನೀತಿಯೂ ಇದೆ. ಎರಡರಲ್ಲೂ ತಾಲೂಕಿನ ಲೆಕ್ಕ ಇಲ್ಲ.

ಹೀಗಾಗಿ ಕರೆ ಬರೋದು ಅಧಿಕಾರಿಗಳಿಗೆ ಯಾರ ನಂಬರ್ ಗೊತ್ತೋ ಅವರಿಗೆ. ಮಳೆಗಾಲಕ್ಕೆ ಮುಂಚೆಯೇ ವಾಹನದ ಪತ್ರ, ಬಾಡಿಗೆ ದರ ಸಮೇತ ತಹಶೀಲ್ದಾರ್ ಕಚೇರಿಗೂ ಪಂಚಾಯ್ತಿಗೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿಟ್ಟುಕೊಳ್ಳೋದು ಒಳ್ಳೇದು. ಕೆಲಸ ಸಿಕ್ಕರೆ ಯಂತ್ರ ಓಡಿದ ಗಂಟೆಯ ಲೆಕ್ಕಕ್ಕೆ ಅವತ್ತವತ್ತೇ ಎಂಜಿನಿಯರ್ ಸಹಿ ಹಾಕಿಸಿಕೊಳ್ಳಬೇಕು, ಬಾಯಿಮಾತಿನ ಕೆಲಸದ ಬಿಲ್ ಪಾಸಾಗೋದು ಕಷ್ಟ. ಯಾರಿಗೆ ಎಷ್ಟು ಕೊಟ್ಟರು ಅನ್ನೋದಕ್ಕೆ ಮಾಹಿತಿ ಹಕ್ಕಿನಡಿ ಕಾರ್ಯಾದೇಶದ ಪ್ರತಿ ಕೇಳಬಹುದು.

ಇನ್ನು ಗದ್ದೆಯ ಹೂಳಿನ ಲೆಕ್ಕ ಬೇರೆ. 2022–26ರ ವಿಪತ್ತು ಪರಿಹಾರ ಮಾರ್ಗಸೂಚಿಯಲ್ಲಿ, 3 ಇಂಚಿಗಿಂತ ಹೆಚ್ಚು ಹೂಳು ತುಂಬಿದ ಜಮೀನಿಗೆ ಸಣ್ಣ, ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 18,000 ರೂ. ನೆರವು ನಿಗದಿಯಾಗಿತ್ತು. ಇದು ಗುತ್ತಿಗೆದಾರರ ದುಡ್ಡಲ್ಲ, ರೈತರದು. ಹೂಳು ತೆಗೆಯೋಕೆ ಯಾರ ಟ್ರ್ಯಾಕ್ಟರ್ ಕರೀಬೇಕು ಅನ್ನೋದು ಅವರದೇ ತೀರ್ಮಾನ.