ರಾಕೆಟ್ಟನ್ನು ನೆಲದಲ್ಲೇ ಏಕೆ ಅಲುಗಾಡಿಸುತ್ತಾರೆ?

ವಿದ್ಯಾರ್ಥಿಗಳೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ಅಡಿಕೆ ತೋಟಗಳಲ್ಲಿ ಮರ ಹತ್ತಿ ಗೊನೆ ಇಳಿಸುವುದನ್ನು ನೀವು ನೋಡಿರಬಹುದು. ನುರಿತ ಕೊನೆಗಾರ ತುದಿಯಲ್ಲಿದ್ದು ಮೈಯನ್ನು ಹಿಂದೆ ಮುಂದೆ ತೂಗುತ್ತಾನೆ. ಮರ ಬಾಗಿ ಪಕ್ಕದ ಮರ ಕೈಗೆ ಸಿಗುತ್ತದೆ. ಇದಕ್ಕೆ ಹೆಚ್ಚು ಬಲ ಬೇಡ, ಮರದ ಲಯ ತಿಳಿದಿದ್ದರೆ ಸಾಕು. ಜಗಳೂರಿನ ಬಯಲಿನವರು ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಹೊತ್ತರಿತು ತಳ್ಳಿದರೆ ಚಿಕ್ಕವರೂ ದೊಡ್ಡವರನ್ನು ಎತ್ತರಕ್ಕೆ ತೂಗಬಲ್ಲರು. ಪ್ರತಿ ರಚನೆಗೂ ತನ್ನದೇ ಸಹಜ ಆವೃತ್ತಿಗಳಿವೆ. ಹೊರಗಿನ ಬಲದ ಆವೃತ್ತಿ ಅದರೊಡನೆ ಕೂಡಿದಾಗ ಕಂಪನ ಬೆಳೆಯುತ್ತ ಹೋಗುತ್ತದೆ. ಇದೇ ಅನುರಣನ.

ಬಹುಹಂತದ ರಾಕೆಟ್ಟೂ ಅಡಿಕೆ ಮರದಂತೆ ಉದ್ದ, ತೆಳು. ನಾಲ್ಕು ಹಂತಗಳ ನಮ್ಮ ಪಿಎಸ್‌ಎಲ್‌ವಿಯ ಎತ್ತರ ಸುಮಾರು 44 ಮೀಟರ್, ವ್ಯಾಸ 2.8 ಮೀಟರ್. ಗಾಳಿಯ ಹೊಡೆತಕ್ಕೆ ಅದು ಬಳುಕುತ್ತಲೇ ಏರುತ್ತದೆ. ತೊಡಕೇನೆಂದರೆ, ಅದರ ಸಹಜ ಆವೃತ್ತಿ ಬದಲಾಗುತ್ತಿರುತ್ತದೆ. ಇಂಧನ ಉರಿದು ತೂಕ ಇಳಿದಂತೆ, ಹಂತ ಕಳಚಿ ಉದ್ದ ಕುಗ್ಗಿದಂತೆ ಆವೃತ್ತಿ ಏರುತ್ತದೆ. ದಿಕ್ಕು ತಿದ್ದುವ ಸ್ವಯಂಚಾಲಿತ ವ್ಯವಸ್ಥೆ ಬಳುಕನ್ನೇ ದಿಕ್ಕು ತಪ್ಪಿದ್ದೆಂದು ಎಣಿಸಿ ಎಂಜಿನ್ನಿನ ಮೂತಿಯನ್ನು ಅದೇ ಲಯದಲ್ಲಿ ತಿರುಗಿಸಿದರೆ, ಕೊನೆಗಾರ ಮರ ತೂಗಿದಂತಾಗಿ ರಾಕೆಟ್ ಮುರಿಯಬಹುದು.

ಆದ್ದರಿಂದ ಈ ಲಯಗಳನ್ನು ನೆಲದಲ್ಲೇ ಅಳೆಯುತ್ತಾರೆ. ರಾಕೆಟ್ಟನ್ನೋ ಅದರ ಪ್ರತಿರೂಪವನ್ನೋ ಮೆತ್ತನೆಯ ಆಧಾರದ ಮೇಲೆ, ತೇಲುತ್ತಿರುವಂತೆ ನಿಲ್ಲಿಸುತ್ತಾರೆ. ಕಂಪನಯಂತ್ರವು ಆವೃತ್ತಿಯನ್ನು ಏರಿಸುತ್ತ ಮೆಲ್ಲಗೆ ತಳ್ಳುತ್ತದೆ. ಮೈಯುದ್ದಕ್ಕೂ ಅಂಟಿಸಿದ ವೇಗೋತ್ಕರ್ಷ ಮಾಪಕಗಳು ಅಲುಗಾಟವನ್ನು ದಾಖಲಿಸುತ್ತವೆ. ಅಲುಗಾಟ ಒಮ್ಮೆಲೇ ಹೆಚ್ಚುವ ಆವೃತ್ತಿಯೇ ಸಹಜ ಆವೃತ್ತಿ. ಇಂಧನ ತುಂಬಿದಾಗ, ಬರಿದಾದಾಗ, ಹಂತ ಕಳಚಿದಾಗ ಹೀಗೆ ಬೇರೆ ಬೇರೆ ಸ್ಥಿತಿಗಳಿಗೆ ಲೆಕ್ಕ ಬೇಕು. ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯದಲ್ಲಿ ರಾಕೆಟ್ಟಿನ ಭಾಗಗಳನ್ನೂ ಉಪಗ್ರಹಗಳನ್ನೂ ಉಡಾವಣೆಯ ಭೋರ್ಗರೆತದಂಥ ಶಬ್ದಕ್ಕೆ ಒಡ್ಡಿ ಪರೀಕ್ಷಿಸುವ ಕೋಣೆಯೇ ಇದೆ.

ಪರೀಕ್ಷೆ ಮಾಡಿದರೂ ಹಾರಾಟ ಹೊಸ ಪಾಠ ಕಲಿಸುವುದುಂಟು. 1968ರ ಏಪ್ರಿಲ್ 4ರಂದು ಅಮೆರಿಕದ ಅಪೊಲೊ-6 ಹಾರಿದಾಗ ಸ್ಯಾಟರ್ನ್-5 ರಾಕೆಟ್ ಸುಮಾರು ಅರ್ಧ ನಿಮಿಷ, ಸೆಕೆಂಡಿಗೆ 5 ಸಲದಂತೆ ಮೇಲೆ ಕೆಳಗೆ ಅದುರಿತು. ನೂಕುಬಲದ ಏರಿಳಿತ ರಾಕೆಟ್ಟಿನ ಲಯದೊಡನೆ ಕೂಡಿಕೊಂಡಿತ್ತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ದ್ರವ ಆಮ್ಲಜನಕದ ಕೊಳವೆಯ ಕವಾಟಗಳಿಗೆ ಹೀಲಿಯಂ ತುಂಬಿ, ಅದನ್ನು ಮೆತ್ತೆಯಂತೆ ಬಳಸಿ ಕಂಪನವನ್ನು ತಗ್ಗಿಸಿದರು. ಅದೇ ಡಿಸೆಂಬರಿನಲ್ಲಿ ಸ್ಯಾಟರ್ನ್-5 ಮೂವರನ್ನು ಚಂದ್ರನತ್ತ ಒಯ್ದಿತು.

ನೀವೂ ಮಾಡಿ ನೋಡಿ. ಸ್ಕೇಲನ್ನು ಮೇಜಿನಂಚಿನಿಂದ ಹೊರಚಾಚಿ, ಒತ್ತಿ ಹಿಡಿದು ತುದಿಯನ್ನು ಮೀಟಿ. ತುದಿಗೆ ಮಣ್ಣಿನುಂಡೆ ಅಂಟಿಸಿದರೆ ಕಂಪನ ನಿಧಾನ. ಚಾಚಿದ ಭಾಗ ಕಡಿಮೆ ಮಾಡಿದರೆ ಚುರುಕು. ಹಂತ ಕಳಚಿದ ರಾಕೆಟ್ಟಿನ ಪಾಠ ನಿಮ್ಮ ಮೇಜಿನ ಮೇಲೆಯೇ ಇದೆ.